ಅಮ್ಮನ ಮಂಡಿ ಆಪರೇಷನ್: ಯಾವ ಇಂಪ್ಲಾಂಟ್? ಸಹಾಯ ಬೇಕು

ಅಮ್ಮನಿಗೆ 67. ಎರಡೂ ಮಂಡಿ ಸವೆದಿವೆ, ಮುಂದಿನ ತಿಂಗಳು ಬಲಗಾಲಿಗೆ ಇಂಪ್ಲಾಂಟ್, ಅಂದರೆ ಕೃತಕ ಮಂಡಿ, ಹಾಕುವ ಆಪರೇಷನ್. ಒಬ್ಬ ಡಾಕ್ಟರು ‘ಪಿಎಸ್’ ಅಂತಾರೆ: ಹಿಂಬದಿಯ ಲಿಗಮೆಂಟ್ (ಮೂಳೆಗಳನ್ನು ಹಿಡಿದಿಡುವ ಪಟ್ಟಿ) ತೆಗೆದು, ಅದರ ಕೆಲಸವನ್ನು ಪ್ಲಾಸ್ಟಿಕ್ಕಿನ ಗೂಟ ಮಾಡುತ್ತಂತೆ. ಇನ್ನೊಬ್ಬರು ‘ಮೀಡಿಯಲ್ ಪಿವಟ್’ ಅಂತಾರೆ: ಒಳಬದಿ ಒರಳಲ್ಲಿ ಗುಂಡು ಕೂತ ಹಾಗೆ ಗಟ್ಟಿ, ಹೊರಬದಿ ಮಾತ್ರ ಜಾರುತ್ತೆ, ಸಹಜ ಮಂಡಿಯ ಥರ. ಕೇಳೋಕೇನೋ ಚೆನ್ನಾಗಿದೆ, ನಡೆಯೋಕೆ? ಬೆಲೆಯ ಚಿಂತೆ ಅಷ್ಟಿಲ್ಲ. 2017ರಲ್ಲೇ ಕೇಂದ್ರ ಸರ್ಕಾರ ಮಂಡಿ ಇಂಪ್ಲಾಂಟ್‌ಗಳಿಗೆ ಗರಿಷ್ಠ ದರ ಕಟ್ಟಿದೆ.

ನಮ್ಮದು ಮೊದಲ ಮಹಡಿ, 18 ಮೆಟ್ಟಿಲು. ಅಮ್ಮನಿಗೆ ಹತ್ತೋದಕ್ಕಿಂತ ಇಳಿಯೋದೇ ಭಯ. ಹಾಕಿಸಿಕೊಂಡವರು ಹೇಳಿ: ಇಳಿಯುವಾಗ ಮಂಡಿ ಜಾರಿದಂತೆ ಅನ್ನಿಸುತ್ತಾ? ಟಕ್ ಅನ್ನೋ ಸದ್ದು ಬರುತ್ತಾ? ಕೋಲು ಎಷ್ಟು ವಾರಕ್ಕೆ ಬಿಟ್ರಿ? ಫಿಸಿಯೋಥೆರಪಿಸ್ಟ್‌ಗಳಿದ್ದರೆ, ನಡಿಗೆಯಲ್ಲಿ ವ್ಯತ್ಯಾಸ ನಿಜಕ್ಕೂ ಕಣ್ಣಿಗೆ ಕಾಣುತ್ತಾ ತಿಳಿಸಿ. ಕಂಪನಿ ಬ್ರೋಷರ್ ಮಾತ್ರ ಕಳಿಸಬೇಡಿ, ಮನೆ ತುಂಬ ಅದೇ ಇದೆ.