ಸೇನೆಯಲ್ಲಿದ್ದ ಮನೋವೈದ್ಯರು ಮಂಡ್ಯದಲ್ಲಿ ಕ್ಲಿನಿಕ್ ಹಾಕಿದರೆ ನಡೆಯುತ್ತಾ?

ಮದ್ದೂರು ಮೇಜರ್:
ಎಲ್ಲರಿಗೂ ನಮಸ್ಕಾರ. ನಾನು ಪುಣೆಯ ಎಎಫ್‌ಎಂಸಿಯಲ್ಲಿ (ಸೇನೆಯ ವೈದ್ಯಕೀಯ ಕಾಲೇಜು) ಓದಿ, ಅಲ್ಲೇ ಸೈಕಿಯಾಟ್ರಿ ಎಂ.ಡಿ. ಮಾಡಿದವಳು. ಇನ್ನು ಐದು ತಿಂಗಳಿಗೆ ಸೇನೆಯಿಂದ ಬಿಡುಗಡೆ. ಅಪ್ಪ ಅಮ್ಮ ಮದ್ದೂರಿನಲ್ಲಿದ್ದಾರೆ, ಇಬ್ಬರಿಗೂ ವಯಸ್ಸಾಯಿತು. ಗೆಳೆಯರೆಲ್ಲ ಬೆಂಗಳೂರಿಗೆ ಹೋಗು ಅಂತಾರೆ. ನನಗೆ ಮಂಡ್ಯದಲ್ಲೇ ಕ್ಲಿನಿಕ್ ಹಾಕುವ ಆಸೆ. ಆದರೆ ಇಷ್ಟು ವರ್ಷ ನೋಡಿದ್ದು ಹೆಚ್ಚಾಗಿ ಜವಾನರನ್ನೇ. ರೈತರು, ಬಾಣಂತಿಯರು, ಪರೀಕ್ಷೆಗೆ ಹೆದರಿದ ಮಕ್ಕಳು, ಇವರನ್ನೆಲ್ಲ ನೋಡೋಕೆ ನನ್ನ ಅನುಭವ ಸಾಕಾ? ಇದೇ ದಾರಿಯಲ್ಲಿ ಬಂದವರಿದ್ದರೆ ದಯವಿಟ್ಟು ಹೇಳಿ.

ನೂರಡಿ ರಸ್ತೆ ಡಾಕ್ಟರ್:
ಬನ್ನಿ ಮೇಡಂ, ಖಂಡಿತ ಬನ್ನಿ. ನಾನು ಲೆಫ್ಟಿನೆಂಟ್ ಕರ್ನಲ್ ಆಗಿದ್ದಾಗ ಸೇನೆ ಬಿಟ್ಟು ಮಂಡ್ಯಕ್ಕೆ ಬಂದು ಒಂಬತ್ತು ವರ್ಷ ಆಯಿತು.

ಶುರುವಿನಲ್ಲಿ ನನಗೆ ಕಷ್ಟವಾಗಿದ್ದು ಒಂದು ಕಾಗದ ಇಲ್ಲದ್ದಕ್ಕೆ. ಅಲ್ಲಿ ಜವಾನ ಬಂದರೆ ಜೊತೆಗೆ ಎಎಫ್‌ಎಂಎಸ್‌ಎಫ್-10 ಬರುತ್ತೆ ಅಲ್ವಾ? ಕಮಾಂಡಿಂಗ್ ಆಫೀಸರ್ ಬರೆದ ವರದಿ. ಕೆಲಸ ಹೇಗೆ ಮಾಡ್ತಾನೆ, ಕುಡಿತ ಎಷ್ಟು, ಜೊತೆಯವರ ಹತ್ತಿರ ಹೇಗಿರ್ತಾನೆ, ಎಲ್ಲ ಅದರಲ್ಲೇ ತಿಳಿಯುತ್ತಿತ್ತು. ಇಲ್ಲಿ ರೋಗಿ ಬಂದು ಕೂತು, "ಏನಿಲ್ಲ ಸಾ, ನಿದ್ದೆ ಬರಲ್ಲ ಅಷ್ಟೆಯಾ" ಅಂತಾನೆ. ಅಷ್ಟೇ. ಅವನನ್ನು ಕೇಳಿ, ಒಪ್ಪಿದರೆ ಹೆಂಡತಿಯನ್ನೋ ಅಣ್ಣನನ್ನೋ ಒಳಗೆ ಕರೆಯಿರಿ. ಆ ವರದಿಯನ್ನು ಇಲ್ಲಿ ನಾವೇ ಕೇಳಿ ಕೇಳಿ ಬರೆದುಕೊಳ್ಳಬೇಕು. ಅರ್ಧ ಗಂಟೆ ಹೋದರೂ ಹೋಗಲಿ.

ಸೇನೆ ಕಲಿಸಿದ ಒಂದು ಪಾಠ ಮಾತ್ರ ಇಲ್ಲಿ ಜೀವ ಉಳಿಸಿದೆ. ಕೆ.ಆರ್. ಪೇಟೆ ಕಡೆಯ ಕಬ್ಬು ಬೆಳೆಗಾರರೊಬ್ಬರು ಬಂದಿದ್ದರು. ಸಾಲ, ಕುಡಿತ, ಮೂರು ತಿಂಗಳಿಂದ ಸರಿಯಾಗಿ ಊಟವಿಲ್ಲ. "ಜೀವ್ನ ಸಾಕಾಗೋಗದೆ ಸಾ" ಅಂದರು. ಅಲ್ಲಿ ಇಂಥ ಮಾತು ಕೇಳಿದ ತಕ್ಷಣ ನಾವೇನು ಮಾಡ್ತಿದ್ದೆವು? ರೈಫಲ್ ಕೋತ್‌ಗೆ, ಅಂದರೆ ಆಯುಧ ಇಡುವ ಕೋಣೆಗೆ ವಾಪಸ್, ಪಕ್ಕದಲ್ಲಿ ಸದಾ ಒಬ್ಬ ಜೊತೆಗಾರ. ಔಷಧಿ ಚೀಟಿ ಆಮೇಲೆ. ನಾನು ಹೆಂಡತಿಯನ್ನು ಕೇಳಿದೆ, "ಹೊಲಕ್ಕೆ ಹೊಡೆಯೋ ಔಷಧಿ ಮನೇಲಿ ಎಲ್ಲಿಟ್ಟಿದ್ದೀರಮ್ಮ?" ಆಕೆ ಅಲ್ಲಿವರೆಗೂ ಬಸ್ ಟಿಕೆಟ್ಟನ್ನು ಮಡಚುತ್ತಾ ಬಿಚ್ಚುತ್ತಾ ಕೂತಿದ್ದರು. ಕೈ ನಿಂತುಹೋಯಿತು. "ಕೊಟ್ಟಿಗೆ ಅಟ್ಟದ ಮ್ಯಾಲೆ" ಅಂದರು, ಸಣ್ಣ ದನಿಯಲ್ಲಿ. ಅವತ್ತು ಸಂಜೆಯೇ ಭಾವಮೈದ ಬಂದು ಆ ಕ್ಯಾನುಗಳನ್ನು ತನ್ನ ಊರಿಗೆ ಸಾಗಿಸಿದ. ಅಲ್ಲಿಂದಲೇ ನನಗೆ ಫೋನ್ ಮಾಡಿಸಿದೆ. ಹತ್ತು ದಿನ ಒಬ್ಬರಲ್ಲ ಒಬ್ಬರು ಅವರ ಜೊತೆ ಮಲಗಿದರು. ಈಗ ಅವರು ಗದ್ದೆಗೆ ಹೋಗ್ತಾರೆ, ಎರಡು ತಿಂಗಳಿಗೊಮ್ಮೆ ಬರ್ತಾರೆ. ಈ ಪ್ರಶ್ನೆಯನ್ನು ನಾನು ಯಾರಿಗೂ ಕೇಳದೆ ಬಿಡಲ್ಲ.

ಇನ್ನೊಂದು ತೊಂದರೆ, ಮಾತ್ರೆ ಬಿಡೋದು. ಅಲ್ಲಿ ತಾತ್ಕಾಲಿಕವಾಗಿ ಲೋ ಮೆಡಿಕಲ್ ಕೆಟಗರಿ ಆದವನು, ಅಂದರೆ ಆರೋಗ್ಯದ ದರ್ಜೆ ಇಳಿಸಲ್ಪಟ್ಟವನು, 24 ವಾರಕ್ಕೆ ಮರುಪರೀಕ್ಷೆಗೆ ಬರಲೇಬೇಕು. ಇಲ್ಲಿ ನಿದ್ದೆ ಬಂತು ಅಂದರೆ ಮಾತ್ರೆ ನಿಲ್ತು. ಖಿನ್ನತೆ ಮಾತ್ರೆ ಕೆಲಸ ಮಾಡೋಕೆ 2ರಿಂದ 4 ವಾರ ಬೇಕು, ಗುಣವಾದ ಮೇಲೂ ಕಡಿಮೆ ಅಂದರೆ 6 ತಿಂಗಳು ತಗೋಬೇಕು. ಇದನ್ನು ಮೊದಲ ದಿನವೇ ಹೇಳಿ. ಬರದವರಿಗೆ ಶನಿವಾರ ನಾನೇ ಫೋನ್ ಮಾಡ್ತೀನಿ.

ಭಾಷೆಯನ್ನೂ ಮತ್ತೆ ಕಲಿಯಬೇಕಾಯಿತು. ಹದಿನಾಲ್ಕು ವರ್ಷ ಹಿಂದಿಯಲ್ಲೇ ಕೇಳಿದವನು ನಾನು. ಇಲ್ಲಿ "ಎದೆ ಡವಡವ ಅಂತದೆ", "ಮೈಯೆಲ್ಲಾ ಜುಂ ಅಂತದೆ", "ಗ್ಯಾನವೇ ಇಲ್ಲ" ಅಂತಾರೆ. ಅಂಥ ಮಾತನ್ನು ಹಾಗೇ ಬರೆದುಕೊಳ್ಳಿ.

ಪಟ್ಟಣದ ಗೃಹಿಣಿ:
ನಾನು ಡಾಕ್ಟರ್ ಅಲ್ಲ, ಶ್ರೀರಂಗಪಟ್ಟಣದವಳು. ನಮ್ಮ ಯಜಮಾನರು ಹವಾಲ್ದಾರ್ ಆಗಿ ನಿವೃತ್ತರಾದರು. ರಾತ್ರಿ ಬಾಗಿಲ ಹತ್ತಿರವೇ ಮಲಗೋರು, ಪಟಾಕಿ ಸದ್ದಿಗೆ ಬೆವರೋರು. ಸರ್ವೀಸ್‌ನಲ್ಲಿದ್ದಾಗ ಯಾರಿಗೂ ಹೇಳಲಿಲ್ಲ. ಕೆಟಗರಿ ಹೋದರೆ ಪ್ರಮೋಷನ್ ಹೋಗುತ್ತೆ ಅನ್ನೋ ಭಯ. ಊರಿಗೆ ಬಂದ ಮೇಲೆ ಮೈಸೂರಿನಲ್ಲಿ ಸೇನೆಯಿಂದ ಬಂದ ಡಾಕ್ಟರೇ ಸಿಕ್ಕರು. ಇವರು ಕುರ್ಚಿ ತುದಿಯಲ್ಲಿ ನೆಟ್ಟಗೆ ಕೂತು "ಸಬ್ ಠೀಕ್ ಹೈ ಸರ್" ಅಂದರು. ಆ ಡಾಕ್ಟರ್ ತಮ್ಮ ಕುರ್ಚಿ ಬಿಟ್ಟು ಎದ್ದು ಬಂದು ಇವರ ಪಕ್ಕದಲ್ಲೇ ಕೂತು, ಕನ್ನಡದಲ್ಲಿ, "ಯಾವ ಪೋಸ್ಟಲ್ಲಿದ್ರಿ?" ಅಂತ ಕೇಳಿದರು. ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ಅವರು ಅತ್ತಿದ್ದನ್ನು ನಾನು ನೋಡಿದ್ದು ಅವತ್ತೇ. ನೀವು ಬನ್ನಿ ಮೇಡಂ. ನಮ್ಮಂಥ ಮನೆಗಳು ಈ ಕಡೆ ಬಹಳ ಇವೆ.

ಮಳವಳ್ಳಿ ಫಾರ್ಮಸಿ:
ಕೆಲಸದ ಮಾತು ಒಂದೆರಡು. ಕರ್ನಾಟಕ ಮೆಡಿಕಲ್ ಕೌನ್ಸಿಲ್ ನೋಂದಣಿ ಈಗಲೇ ಶುರು ಮಾಡಿ. ಕ್ಲಿನಿಕ್‌ಗೆ ಕೆಪಿಎಂಇ, ಅಂದರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ರಾಜ್ಯ ಕಾಯ್ದೆಯಡಿ ನೋಂದಣಿ ಬೇಕು. ಒಳರೋಗಿಗಳನ್ನು ಸೇರಿಸಿಕೊಳ್ಳೋದಾದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ರಾಜ್ಯ ಪ್ರಾಧಿಕಾರದಲ್ಲಿ ಬೇರೆ ನೋಂದಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬೋರ್ಡ್ ಮೇಲೆ ದೊಡ್ಡದಾಗಿ ಬರೆಸಿ. ರಾತ್ರಿ ಹೊತ್ತು ನಿಮ್ಮ ಫೋನ್ ಸಿಗದಿದ್ದರೂ ಅಲ್ಲಿ ಯಾರಾದರೂ ಮಾತಾಡ್ತಾರೆ.

ಮದ್ದೂರು ಮೇಜರ್:
ಎಲ್ಲರಿಗೂ ಧನ್ಯವಾದ. ಅಮ್ಮನಿಗೆ ಓದಿ ಹೇಳಿದೆ. ಡಾಕ್ಟರ್ ಸರ್, ಜಾಗ ಯಾವ ಕಡೆ ನೋಡಲಿ?

ನೂರಡಿ ರಸ್ತೆ ಡಾಕ್ಟರ್:
ಬಸ್ ಸ್ಟ್ಯಾಂಡಿನಿಂದ ನಡೆದು ಬರುವಷ್ಟು ದೂರದಲ್ಲಿರಲಿ. ಹಳ್ಳಿಯವರು ಕತ್ತಲಾಗುವ ಮೊದಲೇ ಬಸ್ ಹಿಡಿಯಬೇಕು. ಅದೇ ಮೆಟ್ಟಿಲಲ್ಲಿ ರಕ್ತ ಪರೀಕ್ಷೆ ಲ್ಯಾಬೋ ಹಲ್ಲಿನ ಡಾಕ್ಟರೋ ಇದ್ದರೆ ಇನ್ನೂ ಒಳ್ಳೆಯದು. ಹತ್ತುವಾಗ ಯಾರಾದರೂ ನೋಡಿದರೂ ಅವರಿಗೆ ಮುಜುಗರ ಆಗಲ್ಲ. ರಜೆಯಲ್ಲಿ ಬಂದಾಗ ತಿಳಿಸಿ, ಒಂದು ಭಾನುವಾರ ಜೊತೆಗೆ ಹೋಗಿ ನೋಡೋಣ.