ಮುರಿದ ಮರದ ಸಾಮಾನಿಗೆ ‘ಕಲಾಯಿ’ಯಂಥ ಒಂದು ಪದ ಬೇಕು

ಬೀದರಿನಲ್ಲಿ ಎಂಟನೆಯ ತರಗತಿ ಓದುವಾಗ ಕ್ರಾಫ್ಟ್ ತಾಸಿನಲ್ಲಿ ಮಾಡಿದ ಒಂದು ವ್ಯಾಸಪೀಠ ನನ್ನ ಬಳಿ ಇದೆ. ಪುರಾಣದ ಪುಸ್ತಕ ತೆರೆದಿಟ್ಟು ಓದಲು ಬಳಸುವ, ಕತ್ತರಿಯಂತೆ ಬಿಚ್ಚಿಕೊಳ್ಳುವ ಮರದ ಪೀಠ. ನಮ್ಮೂರಿನ ಮುಸ್ಲಿಮರ ಮನೆಗಳಲ್ಲಿ ಇದೇ ರಿಹಲ್. ಅದರ ಮೇಲೆ ಕುರಾನ್ ಇಡುತ್ತಾರೆ. ಇದಕ್ಕೆ ಮೊಳೆಯಿಲ್ಲ, ಬಿಜಾಗರಿಯಿಲ್ಲ. ಒಂದೇ ಹಲಗೆಯನ್ನು ಎರಡೂ ತುದಿಯಿಂದ ದಪ್ಪಕ್ಕೆ ಸೀಳಿ, ನಡುವೆ ಒಂದರೊಳಗೊಂದು ಕೂರುವ ಹಲ್ಲುಗಳನ್ನು ಕೊರೆಯಬೇಕು. ಹಲ್ಲುಗಳನ್ನು ಮಾಸ್ತರರು ಕೊರೆದುಕೊಟ್ಟರು. ಕೀಸಿದ್ದು, ಉಜ್ಜಿದ್ದು, ಅಂಚಿಗೆ ಬಳ್ಳಿ ಕೆತ್ತಿದ್ದು ನಾನು. ಬಲಗಡೆಯ ಬಳ್ಳಿಯಲ್ಲಿ ಏಳು ಎಲೆ, ಎಡಗಡೆ ಆರೇ.

ಈ ಮಳೆಗಾಲದಲ್ಲಿ ಒಂದು ಹಲ್ಲು ಮುರಿದು, ಒಂದು ರೆಕ್ಕೆ ಬಿರಿಯಿತು. ಬಡಿಗೇರ ಕಾಕಾ ಅವರ ಬಳಿ ಒಯ್ದೆ. “ರಂದಾ ಹೊಡೆದು ಪಾಲಿಶ್ ಮಾಡಿದರೆ ಹೊಸದರಂತೆ ಆಗುತ್ತದೆ ತಮ್ಮಾ” ಎಂದರು. ಮೇಲ್ಮೈ ಕೀಸುವ ರಂದಾ ಬೇಡ, ಹಲ್ಲು ಕೂಡಿಸಿ, ಬಿರುಕು ಮುಚ್ಚಿ, ಉಳಿಯ ಗುರುತು ಒಂದೂ ಅಳಿಯಬಾರದು ಎಂದು ನಾನು ವಿವರಿಸಬೇಕಾಯಿತು. ಅವರು ಹಳೆಯ ಸಾಗವಾನಿಯ ತುಣುಕನ್ನು ಎಳೆ ನೋಡಿ ಕೂಡಿಸಿದರು, ಬಿರುಕಿಗೆ ಸರೇಸಿನಲ್ಲಿ, ಅಂದರೆ ಬಡಿಗರ ಅಂಟಿನಲ್ಲಿ, ಕಲಸಿದ ಮರದ ಪುಡಿ ತುಂಬಿದರು, ಮೇಲೆ ಅಗಸೆ ಎಣ್ಣೆ ಒರೆಸಿದರು. ಸರೇಸು ಬಿಸಿನೀರಿಗೆ ಬಿಡುತ್ತದೆ, ಮುಂದೆ ಬೇಕಾದರೆ ಮತ್ತೆ ಬಿಚ್ಚಬಹುದು ಎಂದೂ ಹೇಳಿದರು. ಇಷ್ಟನ್ನೂ ಹಿಡಿದಿಡುವ ಒಂದು ಕನ್ನಡ ಪದ ಯಾವುದು?

ದುರಸ್ತಿ ನಮ್ಮ ಕಡೆ ನಿತ್ಯದ ಮಾತು. ಅದರ ಮೂಲ ಪರ್ಷಿಯನ್ ಭಾಷೆಯ ‘ದುರುಸ್ತ್’, ಅಂದರೆ ಸರಿಯಾದ, ತಪ್ಪಿಲ್ಲದ. ನೇರ್ಪಡಿಸು ಎಂದರೂ ಸೊಟ್ಟಗಿದ್ದದ್ದು ನೆಟ್ಟಗಾಗಬೇಕು. ಆರೇ ಎಲೆಯ ತಪ್ಪು ತಪ್ಪಾಗಿಯೇ ಉಳಿಯಲಿ ಎನ್ನುವವನಿಗೆ ಇವೆರಡೂ ಒದಗುವುದಿಲ್ಲ. ನವೀಕರಣವಂತೂ ಬೇಡವೇ ಬೇಡ. ಸಂರಕ್ಷಣೆ ನಮ್ಮ ಕೋಟೆಯ ರಂಗೀನ್ ಮಹಲಿನ ಕೆತ್ತನೆಯ ಮರದ ಕಂಬಗಳಿಗೆ ತಕ್ಕ ಮಾತು, ಹುಡುಗನೊಬ್ಬನ ಕೈಗೆಲಸಕ್ಕೆ ಭಾರವಾಗುತ್ತದೆ. ಜತನ ನನಗೆ ಬಹಳ ಪ್ರಿಯವಾದ ಪದ, ‘ಯತ್ನ’ದಿಂದ ಬಂದದ್ದು. ಆದರೆ ಜತನ ಮಾಡುವುದು ವಸ್ತು ಮುರಿಯದಿರಲೆಂದು. ಮುರಿದ ಮೇಲಿನ ಕೆಲಸ ಅದರಲ್ಲಿಲ್ಲ.

ದೇಗುಲಗಳಿಗೆ ದತ್ತಿ ಬಿಟ್ಟ ಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಮುರಿದದ್ದು ಖಂಡ, ಬಿರಿದದ್ದು ಸ್ಫುಟಿತ. ನನ್ನ ಪೀಠಕ್ಕೆ ಆಗಿದ್ದು ಅಕ್ಷರಶಃ ಇವೆರಡೇ! ಎಷ್ಟು ಕರಾರುವಾಕ್ಕಾದ ಮಾತು. ಇಂದು ಜೀರ್ಣೋದ್ಧಾರ ಎಂದರೆ ಹಳೆಯ ಗುಡಿ ಕೆಡವಿ ನುಣುಪು ಕಲ್ಲು ಹಾಸುವುದು ಎನ್ನುವಂತಾಗಿರುವುದು ನನಗೆ ನೋವಿನ ಸಂಗತಿ.

ನಮ್ಮ ಹಿರಿಯರು ಒಂದೊಂದು ವಸ್ತುವಿಗೂ ಒಂದೊಂದು ಮಾತು ಇಟ್ಟಿದ್ದರು. ತಾಮ್ರದ ಪಾತ್ರೆಗೆ ತವರದ ಕಲಾಯಿ ಹಾಕಿಸುತ್ತಿದ್ದರು, ಸವೆದು ನುಣುಪಾದ ಬೀಸುವ ಕಲ್ಲು ಮತ್ತೆ ಒರಟಾಗಲೆಂದು ಕಕ್ಕು ಹೊಡೆಸುತ್ತಿದ್ದರು, ಮೊಂಡಾದ ನೇಗಿಲ ಕುಳವನ್ನು ಕುಲುಮೆಯಲ್ಲಿ ಕಾಯಿಸಿ ಬಡಿಸಿ ಹಣಿಸುತ್ತಿದ್ದರು, ಕತ್ತಿಗೆ ಸಾಣೆ ಹಿಡಿಸುತ್ತಿದ್ದರು, ಹರಿದ ಬಟ್ಟೆಗೆ ತೇಪೆ ಹಾಕುತ್ತಿದ್ದರು. ಇವುಗಳಲ್ಲಿ ಯಾವುದೂ ‘ಹೊಸದು ಮಾಡು’ ಎನ್ನುವುದಿಲ್ಲ. ಅದೇ ಪಾತ್ರೆ, ಅದೇ ಕಲ್ಲು ಮತ್ತೆ ಕೆಲಸಕ್ಕೆ ಬರುತ್ತದೆ. ಹಾಗಾದರೆ ಮರಕ್ಕೆ? ತೊಟ್ಟಿಲಿನ ಕಾಲು ಅಲುಗಿದಾಗ, ಮಣೆ ಬಿರಿದಾಗ, ಮನೆಯವರು ಬಡಿಗೇರರಿಗೆ ಏನೆಂದು ಹೇಳಿ ಕೊಟ್ಟು ಬರುತ್ತಿದ್ದರು? ‘ಕೂಡಿಸು’ ಎಂದಷ್ಟೇ ಹೇಳುತ್ತಿದ್ದರೆ ಅದನ್ನೂ ತಿಳಿಸಿ. ಔರಾದ, ಭಾಲ್ಕಿ, ಸೇಡಂ, ಸುರಪುರ ಕಡೆಯವರಿಗೆ ಅಂಥ ಕ್ರಿಯಾಪದ ನೆನಪಿದ್ದರೆ, ಅದನ್ನು ಯಾವ ವಸ್ತುವಿಗೆ ಬಳಸುತ್ತಿದ್ದರು ಎಂಬುದರ ಜೊತೆಗೆ, ಆಡಿದ ವಾಕ್ಯವನ್ನೇ ಇಡಿಯಾಗಿ ಬರೆದು ಕಳಿಸಬೇಕೆಂದು ಕೋರುತ್ತೇನೆ.