ಹಳೆ ಬೆಕ್ಕಿಗೂ ಹೊಸ ಬೆಕ್ಕಿಗೂ ಆಗಿಬರುತ್ತಿಲ್ಲ, ಏನು ಮಾಡೋದು?

ಪ್ರಶ್ನೆ (ಕಟಪಾಡಿಯಿಂದ): ನಮಸ್ಕಾರ ಡಾಕ್ಟ್ರೇ. ನಮ್ಮಲ್ಲಿ ಐದು ವರ್ಷದ ಹೆಣ್ಣು ಬೆಕ್ಕಿದೆ, ಚಿನ್ನು. ಮರಿ ಆಗದ ಹಾಗೆ ಆಪರೇಷನ್ ಆಗಿದೆ. ಈ ಮಳೆಗೆ ಮೀನು ಮಾರ್ಕೆಟ್ ಹತ್ತಿರ ಒದ್ದೆಯಾಗಿ ಕೂತಿದ್ದ ಗಂಡು ಬೆಕ್ಕನ್ನು ಮಗಳು ಎತ್ತಿಕೊಂಡು ಬಂದಳು. ಹೆಸರು ಕರಿಯ, ಏಳೆಂಟು ತಿಂಗಳಿರಬಹುದು. ಇವನನ್ನು ಕಂಡರೆ ಚಿನ್ನು ಬುಸ್ ಅನ್ನುತ್ತಾಳೆ, ಇವನು ಅಟ್ಟಿಸಿಕೊಂಡು ಹೋಗುತ್ತಾನೆ. ಅವಳೀಗ ಇಡೀ ದಿನ ಕಪಾಟಿನ ಮೇಲೆಯೇ. ಮೊನ್ನೆ ಹಾಸಿಗೆಯಲ್ಲಿ ಮೂತ್ರ ಮಾಡಿದಳು. ದೋಸ್ತಿ ಆಗಲಿ ಅಂತ ಒಂದೇ ತಟ್ಟೆಯಲ್ಲಿ ಮೀನು ಹಾಕಿದೆವು, ಅಲ್ಲೂ ಜಗಳ. ಮನೆಯವರು "ಅವನನ್ನು ಮಾರ್ಕೆಟಿಗೇ ಬಿಟ್ಟು ಬಾ" ಅನ್ನುತ್ತಿದ್ದಾರೆ.

ಉತ್ತರ: ಬಿಡುವುದು ಮಾತ್ರ ಬೇಡ ಅಕ್ಕ. ಜೂನ್ 1ರಿಂದ ಜುಲೈ 31ರವರೆಗೆ ಮಳೆಗಾಲದ ಮೀನುಗಾರಿಕೆ ನಿಷೇಧ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಮಾರ್ಕೆಟ್ ಬೆಕ್ಕುಗಳಿಗೆ ಹೊಟ್ಟೆಗೆ ಸಿಗುವುದೇ ಕಷ್ಟ. ಸಾಕಿದ್ದನ್ನು ಹಾಗೆ ಉಪವಾಸಕ್ಕೆ ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ತಪ್ಪು ಕೂಡ. ಇದು ಸರಿಯಾಗುವ ವಿಷಯವೇ, ಆದರೆ ಮೊದಲಿನಿಂದ ಶುರು ಮಾಡಬೇಕು.

ಬೆಕ್ಕು ಯಾರು ನಮ್ಮವರು, ಯಾರು ಹೊರಗಿನವರು ಅಂತ ತಿಳಿಯುವುದು ಮೂಗಿನಿಂದ. ಚಿನ್ನು ಪಾಲಿಗೆ ಕರಿಯ ಇನ್ನೂ ಕಂಡರಿಯದ ವಾಸನೆ. ಹಾಗಾಗಿ ಮುಖ ನೋಡುವ ಮೊದಲು ವಾಸನೆ ಪರಿಚಯ ಆಗಬೇಕು. ಕರಿಯನನ್ನು ಒಂದು ಕೋಣೆಯಲ್ಲಿ ಇಡಿ. ಅವನ ನೀರು, ಊಟ, ಮಲಮೂತ್ರಕ್ಕೆ ಹೊಯಿಗೆ (ಮರಳು) ಟ್ರೇ ಎಲ್ಲ ಅಲ್ಲೇ. ಉಳಿದ ಮನೆ ಚಿನ್ನುವಿನದು. ಹಳೆ ಬೈರಾಸಿನ ತುಂಡಿನಿಂದ ಅವನ ಕೆನ್ನೆ, ಗದ್ದ ಮೆಲ್ಲ ಒರಸಿ ಅವಳು ಓಡಾಡುವ ಕಡೆ ಇಡಿ. ಅವಳದ್ದನ್ನು ಅವನ ಕೋಣೆಯಲ್ಲಿಡಿ. ಮೊದಲು ಮೂಸಿ ಬುಸ್ ಅಂದಾಳು. ಬಯ್ಯಬೇಡಿ, ಹತ್ತಿರಕ್ಕೂ ತರಬೇಡಿ. ಮೂಸಿ ಸುಮ್ನೆ ಹೋಗುವ ದಿನ ಬಂದರೆ ಮುಂದಿನ ಹೆಜ್ಜೆ.

ಮುಚ್ಚಿದ ಬಾಗಿಲಿನ ಆಚೆ ಒಂದು ತಟ್ಟೆ, ಈಚೆ ಒಂದು. ಇಬ್ಬರೂ ನೆಮ್ಮದಿಯಿಂದ ತಿನ್ನುವಷ್ಟು ದೂರದಿಂದ ಶುರು ಮಾಡಿ, ದಿನಾ ಸ್ವಲ್ಪ ಸ್ವಲ್ಪ ಬಾಗಿಲ ಹತ್ತಿರ ತನ್ನಿ. ಆಮೇಲೆ ಬಾಗಿಲಿಗೆ ಸೊಳ್ಳೆ ಜಾಲರಿ ಕಟ್ಟಿ, ಊಟದ ಹೊತ್ತಿಗೆ ಐದು ನಿಮಿಷ ಮುಖಾಮುಖಿ. ಕೆಲವು ಬೆಕ್ಕಿಗೆ ಎರಡು ವಾರ ಸಾಕು, ಕೆಲವಕ್ಕೆ ಎರಡು ಮೂರು ತಿಂಗಳು ಬೇಕು. ಒಂದೇ ತಟ್ಟೆ ಮಾತ್ರ ಯಾವತ್ತೂ ಬೇಡ. ಬೆಕ್ಕು ಒಂಟಿಯಾಗಿ ಬೇಟೆಯಾಡಿ ಒಂಟಿಯಾಗಿ ತಿನ್ನುವ ಜಾತಿ.

ಟ್ರೇ ಮೂರು ಬೇಕು, ಬೇರೆ ಬೇರೆ ಕಡೆ. ಹಾಸಿಗೆ ಒದ್ದೆ ಆದದ್ದು ಹಟದಿಂದ ಅಲ್ಲ. ಟ್ರೇ ಹತ್ತಿರ ಅವನು ಕಾದು ಕೂತಿರುತ್ತಾನೆ ಅಂತ ಹೆದರಿಕೆ ಇರಬಹುದು. ಮತ್ತೆ ಮತ್ತೆ ಆದರೆ ಮೂತ್ರ ಪರೀಕ್ಷೆ ಮಾಡಿಸಿ. ನೆಲಕ್ಕೆ ಫಿನಾಯಿಲ್ ಹಾಕಬೇಡಿ, ಬೆಕ್ಕಿಗೆ ಅದು ವಿಷ.

ಕರಿಯನಿಗೆ ವ್ಯಾಕ್ಸಿನ್ ಹಾಕಿಸಿ, ಆಪರೇಷನ್ ತಡ ಮಾಡಬೇಡಿ. ಆಪರೇಷನ್ ಆದ ಮೇಲೂ ಹಾರ್ಮೋನು ಇಳಿಯಲು ಕೆಲವು ವಾರ ಹಿಡಿಯುತ್ತದೆ, ಮರುದಿನವೇ ಸಾಧು ಆಗುವುದಿಲ್ಲ.

ಪ್ರಶ್ನೆ (ಅವರೇ): ಆಟ ಯಾವುದು, ಜಗಳ ಯಾವುದು ಗೊತ್ತಾಗೋದು ಹೇಗೆ? ಜಗಳ ಆದರೆ ಎತ್ತಿ ಬಿಡಿಸಬಹುದಾ?

ಉತ್ತರ: ಆಟದಲ್ಲಿ ಸದ್ದು ಕಮ್ಮಿ, ಉಗುರು ಒಳಗೆ, ಒಮ್ಮೆ ಇವನು ಓಡಿಸಿದರೆ ಇನ್ನೊಮ್ಮೆ ಅವಳು. ಕಿವಿ ತಲೆಗೆ ಅಂಟಿ, ಗುರ್ ಅಂದು, ಕೂದಲು ಹಾರಿದರೆ ಜಗಳ. ಇನ್ನೊಂದು ಸದ್ದಿಲ್ಲದ ಜಗಳ ಇದೆ, ಜಾಸ್ತಿ ಜನರ ಕಣ್ಣಿಗೆ ಬೀಳುವುದಿಲ್ಲ. ಅಡುಗೆ ಕೋಣೆ ಬಾಗಿಲಲ್ಲಿ ಕರಿಯ ಅಡ್ಡ ಮಲಗಿ ಅವಳನ್ನೇ ದಿಟ್ಟಿಸುತ್ತಾನೆ. ಅವಳು ಅಲ್ಲಿಂದಲೇ ವಾಪಸ್. ನೋಡಿದವರಿಗೆ ಅವನು ಹಾಯಾಗಿ ಮಲಗಿದ ಹಾಗೆ ಕಾಣುತ್ತದೆ. ಆಗ ದಾರದ ಆಟಿಕೆ ಎಳೆದು ಅವನನ್ನು ಅಲ್ಲಿಂದ ಕರೆಯಿರಿ. ಅವಳಿಗೆ ಕಪಾಟಿನಿಂದ ಇಳಿಯಲು ಎರಡು ದಾರಿ ಮಾಡಿಕೊಡಿ.

ಜಗಳದ ಮಧ್ಯೆ ಕೈ ಹಾಕಬೇಡಿ. ರಟ್ಟಿನ ತುಂಡು ಅಡ್ಡ ಹಿಡಿಯಿರಿ, ಆಮೇಲೆ ಇಬ್ಬರನ್ನೂ ಬೇರೆ ಕೋಣೆಯಲ್ಲಿಡಿ. ಬೆಕ್ಕಿನ ಹಲ್ಲಿನ ಗಾಯ ಮೇಲೆ ಸಣ್ಣದು, ಒಳಗೆ ಕೀವು ತುಂಬುತ್ತದೆ. ನಿಮಗೆ ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ.

ಪ್ರಶ್ನೆ (ಸುರತ್ಕಲ್‌ನಿಂದ): ನಮ್ಮದು ಒಂದೇ ತಾಯಿಯ ಮರಿಗಳು, ನಾಲ್ಕು ವರ್ಷದಿಂದ ಒಟ್ಟಿಗೆ ಮಲಗುತ್ತಿದ್ದವು. ಒಂದನ್ನು ಹಲ್ಲಿನ ಚಿಕಿತ್ಸೆಗೆ ಕರೆದುಕೊಂಡು ಹೋಗಿ ಬಂದಾಗಿಂದ ಇನ್ನೊಂದು ಹೊಡೆಯುತ್ತಿದೆ. ಯಾಕೆ?

ಉತ್ತರ: ಆಸ್ಪತ್ರೆಯ ವಾಸನೆ ಹೊತ್ತು ಬಂದಿದ್ದಾನೆ, ಮನೆಯಲ್ಲಿದ್ದವನಿಗೆ ಗುರುತೇ ಸಿಗುತ್ತಿಲ್ಲ. ಒಂದು ಎರಡು ದಿನ ಬೇರೆ ಕೋಣೆ, ಮಲಗುತ್ತಿದ್ದ ಹಳೇ ಬಟ್ಟೆಯನ್ನೇ ಹಾಸಿ. ಹೆಚ್ಚಿನವು ಇಷ್ಟರಲ್ಲೇ ಸರಿಯಾಗುತ್ತವೆ. ಆಗದಿದ್ದರೆ ಮೇಲೆ ಅಕ್ಕನಿಗೆ ಹೇಳಿದ ಕ್ರಮವೇ. ಮುಂದಿನ ಸಲ ಇಬ್ಬರನ್ನೂ ಒಟ್ಟಿಗೆ ಕರೆದುಕೊಂಡು ಹೋಗಿ, ಆದರೆ ಬುಟ್ಟಿ ಬೇರೆ ಬೇರೆ ಇರಲಿ.